ಬಾಡಿಗೆ ಬೇಕು, ಸಹಿ ಮಾತ್ರ ಹಾಕಲ್ಲ

ಇವತ್ತು ಬೆಳಗ್ಗೆ ಕ್ಲಾಸಿಗೆ ಹೊರಟಾಗ ಕೆಳಗಡೆ ಅಂಚೆ ಡಬ್ಬಿ ನೋಡಿದೆ. ನಾನು ಸೆಲ್ಲೋಟೇಪ್ ಹಾಕಿ ಅಂಟಿಸಿದ್ದ ಹೆಸರಿನ ಚೀಟಿ ಮತ್ತೆ ಇಲ್ಲ. ಇದು ಮೂರನೇ ಸಲ. ಕಿತ್ತ ಕೈಗೆ ಸಿಗದೆ ಉಳಿದ ಒಂದು ಮೂಲೆ ಕಾಗದ ತಗಡಿಗೆ ಅಂಟಿಕೊಂಡಿತ್ತು, ಅದರ ಮೇಲೆ ನನ್ನ ಹೆಸರಿನ ಕೊನೆಯ ಎರಡು ಅಕ್ಷರ. ಮೈಯೆಲ್ಲ ಉರಿದುಹೋಯ್ತು. ಮನೇಲಿ ಹೇಳೋ ಹಾಗಿಲ್ಲ, ಅದಕ್ಕೆ ಇಲ್ಲಿ ಬರೀತಿದ್ದೀನಿ.

ನಾನು ತಿಪಟೂರು ಕಡೆಯವಳು. ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದ್ತಾ ಇದ್ದು, ಒಂದು ಸೆಮಿಸ್ಟರ್ ಎಕ್ಸ್‌ಚೇಂಜ್ ಅಂತ ಬರ್ಲಿನ್‌ಗೆ ಬಂದೆ. ಇಳಿದಿದ್ದು 2025ರ ಸೆಪ್ಟೆಂಬರ್ 27, ಶನಿವಾರ ರಾತ್ರಿ. ಮಾರನೇ ದಿನ ಭಾನುವಾರ, ನಮ್ಮ ಬೀದೀಲಿ ಒಂದು ಅಂಗಡಿನೂ ತೆಗೆದಿರಲಿಲ್ಲ. ಭಾನುವಾರದ ಬಿಡುವು ಇಲ್ಲಿ ಸಂವಿಧಾನದಲ್ಲೇ ಬರೆದಿರೋ ವಿಷಯ ಅಂತ ಆಮೇಲೆ ಗೊತ್ತಾಯ್ತು. ಅಮ್ಮ ಕಟ್ಟಿಕೊಟ್ಟಿದ್ದ ಅವಲಕ್ಕಿ, ಚಟ್ನಿಪುಡಿಯಲ್ಲಿ ಆ ದಿನ ಕಳೀತು. ಅದರ ಬಗ್ಗೆ ನನಗೆ ತಕರಾರಿಲ್ಲ. ಚಳಿ, ಭಾಷೆ, ಊಟ ಯಾವುದರ ಬಗ್ಗೆನೂ ಇಲ್ಲ. ನನ್ನ ಸಿಟ್ಟೆಲ್ಲ ನನಗೆ ಇಲ್ಲಿ ರೂಮ್ ಬಾಡಿಗೆಗೆ ಕೊಟ್ಟಿರೋ ಮನುಷ್ಯನ ಮೇಲೆ, ಅವನು ನಮ್ಮ ಬೆಂಗಳೂರಿನವನೇ.

ಹಾಸ್ಟೆಲ್ ಸಿಗಲಿಲ್ಲ. ವಾಟ್ಸ್ಆ್ಯಪ್ ಗುಂಪಲ್ಲಿ ವೆಡ್ಡಿಂಗ್ ಏರಿಯಾದಲ್ಲಿ ರೂಮ್ ಇದೆ ಅಂತ ಒಬ್ಬರು ಹಾಕಿದ್ದರು. ಫೋನಲ್ಲಿ ಕನ್ನಡ ಕೇಳಿ ಅಮ್ಮನಿಗೆ ಹೋದ ಜೀವ ಬಂದಂತಾಯ್ತು. "ನಮ್ಮ ಮನೆ ಹುಡುಗಿ ಥರ ನೋಡ್ಕೋತೀವಿ ಬಿಡಿ ಆಂಟಿ" ಅಂದ. ತಿಂಗಳಿಗೆ 650 ಯೂರೋ ಬಾಡಿಗೆ, ಎರಡು ತಿಂಗಳ ಅಡ್ವಾನ್ಸ್ 1,300, ಎಲ್ಲ ಕ್ಯಾಶ್. ರಸೀದಿ ಇಲ್ಲ, ಕರಾರು ಪತ್ರ ಇಲ್ಲ. ಅವನು ಹೆಂಡತಿ ಮಗು ಜೊತೆ ಬೇರೆ ಕಡೆ ಇದ್ದಾನೆ. ಅವನೂ ಈ ಮನೆಗೆ ಬಾಡಿಗೆದಾರನೇ, ಬಾಡಿಗೆ ಕರಾರು ಇನ್ನೂ ಅವನ ಹೆಸರಲ್ಲೇ ಇದೆ. ಒಂದು ರೂಮಲ್ಲಿ ನಾನು, ಇನ್ನೊಂದರಲ್ಲಿ ಒಬ್ಬಳು ತೆಲುಗು ಹುಡುಗಿ. ನಾವಿಬ್ಬರು ಇಲ್ಲಿರೋದು ಮನೆ ಮಾಲೀಕರಿಗೇ ಗೊತ್ತಿಲ್ಲ.

ಇದರಿಂದ ಏನಾಗ್ತಿದೆ ಅಂತ ಕೇಳಿ. ಜರ್ಮನಿಯಲ್ಲಿ ಹೊಸ ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು, ಆನ್‌ಮೆಲ್ಡುಂಗ್ ಅಂತಾರೆ. ಅದಕ್ಕೆ "ಇವರು ಇಂಥ ತಾರೀಖಿನಿಂದ ಈ ಮನೇಲಿ ವಾಸ ಇದ್ದಾರೆ" ಅಂತ ಮನೆ ಕೊಟ್ಟವನು ಸಹಿ ಹಾಕಿದ ಒಂದು ಹಾಳೆ ಬೇಕು. ಒಂದೇ ಹಾಳೆ! 2015ರ ನವೆಂಬರ್‌ನಿಂದ ಇದು ಕಡ್ಡಾಯ, ಕೊಡದಿದ್ದರೆ ಅವನಿಗೇ 1,000 ಯೂರೋ ತನಕ ದಂಡ. ನಾನು ಫಾರಂ ಪ್ರಿಂಟ್ ತೆಗೆಸಿ, ಎಲ್ಲ ತುಂಬಿಸಿ, ಸಹಿ ಹಾಕೋ ಜಾಗಕ್ಕೆ ಪೆನ್ಸಿಲಲ್ಲಿ ಗುರುತು ಹಾಕಿ, "ಅಣ್ಣಾ, ಇಲ್ಲಿ ಒಂದು ಸಹಿ ಹಾಕಿಕೊಡಿ" ಅಂತ ಕೈಗೆ ಕೊಟ್ಟೆ.

"ನೋಡಮ್ಮ, ಅದೊಂದು ಬಿಟ್ಟು ಬೇರೆ ಏನು ಬೇಕಾದ್ರೂ ಕೇಳು. ಇಲ್ಲೆಲ್ಲ ಹೀಗೇ ನಡೆಯೋದು, ಸ್ವಲ್ಪ ಅಡ್ಜಸ್ಟ್ ಮಾಡ್ಕೋ."

ಏನು ಅಡ್ಜಸ್ಟ್ ಮಾಡಿಕೊಳ್ಳಲಿ? ವೀಸಾ ಕೊಡೋ ಮೊದಲೇ ಖರ್ಚಿನ ದುಡ್ಡೆಲ್ಲ ಬ್ಲಾಕ್ಡ್ ಅಕೌಂಟಿಗೆ, ಅಂದರೆ ತಿಂಗಳಿಗೆ ಇಷ್ಟೇ ಅಂತ ದುಡ್ಡು ಬಿಡೋ ಖಾತೆಗೆ, ಹಾಕಿಸಿಕೊಂಡಿದ್ದಾರೆ. ತಿಂಗಳಿಗೆ 992 ಯೂರೋ ಲೆಕ್ಕದಲ್ಲಿ ಆರು ತಿಂಗಳಿಗೆ 5,952, ಅಂದರೆ ಸುಮಾರು ಆರು ಲಕ್ಷ ರೂಪಾಯಿ. ತಿಂಗಳು ತಿಂಗಳು ಅದು ಬರಬೇಕಾದರೆ ನನಗೆ ಇಲ್ಲಿ ಒಂದು ಬ್ಯಾಂಕ್ ಖಾತೆ ಇರಬೇಕು. ಬ್ಯಾಂಕಿಗೆ ಹೋದರೆ ಕೌಂಟರಲ್ಲಿದ್ದ ಹೆಂಗಸು ಪಾಸ್‌ಪೋರ್ಟ್ ತಿರುಗಿಸಿ ನೋಡಿ, ನೋಂದಣಿ ಪತ್ರ ತಗೊಂಡು ಬನ್ನಿ ಅಂದರು. ಆನ್‌ಲೈನ್ ಬ್ಯಾಂಕ್ ಇದೆಯಲ್ಲ ಅಂತೀರ. ಅದನ್ನೂ ಮಾಡಿದೆ. ಖಾತೆ ಚಾಲೂ ಮಾಡೋ ಕೋಡ್ ಅಂಚೆಯಲ್ಲಿ ಬರುತ್ತೆ ಅಂದರು.

ಇಲ್ಲಿ ಅಂಚೆ ಹೇಗೆ ಬರುತ್ತೆ ಅಂತ ನಮ್ಮ ಕಡೆಯವರಿಗೆ ಗೊತ್ತಿರಲ್ಲ. ನಂಬರ್ ಇರೋದು ಬಿಲ್ಡಿಂಗಿಗೆ ಮಾತ್ರ. ಒಳಗಿನ ಮನೆಗಳಿಗೆ ಡೋರ್ ನಂಬರ್ ಇಲ್ಲ. ಅಂಚೆಯವರು ಡಬ್ಬಿ ಮೇಲಿನ ಹೆಸರು ನೋಡಿ ಹಾಕ್ತಾರೆ. ಹೆಸರಿಲ್ಲದಿದ್ದರೆ ಕಾಗದ ಬಂದ ದಾರಿಗೆ ವಾಪಸ್ಸು. ನಮ್ಮೂರಲ್ಲಾದರೆ ಅಪ್ಪನ ಹೆಸರು ಬರೆದು ತೋಟದ ಮನೆ ಅಂತ ಹಾಕಿದರೆ ಸಾಕು, ಕಾಗದ ಬಾಗಿಲಿಗೆ ಬರುತ್ತೆ. ಇಲ್ಲಿನ ಈ ಪದ್ಧತಿ ನನಗೆ ತಿಳಿಸಿಕೊಟ್ಟಿದ್ದು ಕೆಳಗಿನ ಮನೆಯ ಅಜ್ಜಿ. ಅವರಿಗೆ ಇಂಗ್ಲಿಷ್ ಬರಲ್ಲ, ನನಗೆ ಜರ್ಮನ್ ಅಷ್ಟಕ್ಕಷ್ಟೆ. ಕೈ ಹಿಡಿದು ಡಬ್ಬಿ ಹತ್ತಿರ ಕರ್ಕೊಂಡು ಹೋಗಿ, ತಮ್ಮ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿ, ಆಮೇಲೆ ನಮ್ಮ ಡಬ್ಬಿ ತೋರಿಸಿ ತಲೆ ಆಡಿಸಿದರು. ಅವತ್ತೇ ನಾನು ಮೊದಲ ಚೀಟಿ ಅಂಟಿಸಿದ್ದು. ನನ್ನ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ, ಕಾಲೇಜಿನವರು ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಿಬಿಟ್ಟಿದ್ದಾರೆ. ಹಾಗಾಗಿ ಯಾವ ಕಾಗದವೂ ತಪ್ಪಬಾರದು ಅಂತ ಎರಡು ಥರದ ಹೆಸರನ್ನೂ ದಪ್ಪಕ್ಷರದಲ್ಲಿ ಬರೆದಿದ್ದೆ.

ಎರಡನೇ ದಿನಕ್ಕೆ ಚೀಟಿ ಮಾಯ. ಅವನೇ ಬಂದು ಕಿತ್ತಿದ್ದ. ಕೇಳಿದರೆ, "ಮಾಲೀಕರು ನೋಡಿದ್ರೆ ನನಗೆ ತೊಂದರೆ ಆಗುತ್ತೆ" ಅಂದ. ನಿಮ್ಮ ಹೆಸರಿಗೆ ಕೇರ್ ಆಫ್ ಹಾಕಿ ತರಿಸಿಕೊಳ್ಳಲಾ ಅಂದೆ. "ನನ್ನ ಹೆಸರು ಎಲ್ಲೂ ಬರೀಬೇಡ" ಅಂದ. ಡಬ್ಬಿ ಬೀಗದ ಕೈಯೂ ಅವನ ಹತ್ತಿರವೇ ಇದೆ. ನನ್ನ ಬ್ಯಾಂಕಿನ ಕಾಗದ ಎರಡು ಸಲ ಬಂದು ಎರಡು ಸಲವೂ ವಾಪಸ್ ಹೋಗಿದೆ. ಅವನಿಗೆ ತೊಂದರೆ ಆಗಬಾರದು. ನನಗೆ ಆಗಬಹುದು. ಇದೇನಾ ಮನೆ ಹುಡುಗಿ ಥರ ನೋಡಿಕೊಳ್ಳೋದು?

ಮೊದಲ ವಾರ ಅಣ್ಣ ಅಂತ ಕರೀತಿದ್ದೆ. ಈಗ ಆ ಮಾತು ಬಾಯಿಗೇ ಬರ್ತಿಲ್ಲ.

ದಿನಾ ಸಂಜೆ ಅಪ್ಪ ಫೋನ್ ಮಾಡ್ತಾರೆ. "ಏನವ್ವ, ದುಡ್ಡು ಕೈಗೆ ಸಿಕ್ತಾ?" ಅಂತಾರೆ. ಇನ್ನೇನು ಬರುತ್ತೆ ಅಪ್ಪಾ ಅಂತ ಒಂದು ತಿಂಗಳಿಂದ ಸುಳ್ಳು ಹೇಳ್ತಿದ್ದೀನಿ. ಆ ದುಡ್ಡು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ವರ್ಷದ ಹತ್ತಿರ ಹತ್ತಿರ ಅಟ್ಟದ ಮೇಲೆ ಕಾಯಿ ಇಟ್ಟು, ಅದು ಒಳಗೊಳಗೇ ಒಣಗಿ ಗಿಟಕಾಗೋ ತನಕ ಕಾದು, ಸುಲಿದು, ಒಡೆದು, ಉಂಡೆ ಕೊಬ್ಬರಿ ಮಾಡಿ ಮಾರಿದ ದುಡ್ಡು ಅದು. ಸಾಲದ್ದಕ್ಕೆ ಅಮ್ಮನ ಸರ ಸೊಸೈಟಿಯಲ್ಲಿದೆ. ಅಷ್ಟು ದುಡ್ಡು ನನ್ನ ಹೆಸರಲ್ಲೇ ಈ ದೇಶದಲ್ಲಿ ಬಿದ್ದಿದೆ. ನಾನು ಮಾತ್ರ ಜೇಬಲ್ಲಿರೋ 310 ಯೂರೋ ಎಣಿಸಿಕೊಂಡು, ಕ್ಯಾಂಟೀನಲ್ಲಿ ಒಂದು ಹೊತ್ತು ತಿಂದು, ರಾತ್ರಿ ಅನ್ನ ಮೊಸರಲ್ಲಿ ಮುಗಿಸ್ತಿದ್ದೀನಿ. ಒಂದನೇ ತಾರೀಖು ಇನ್ನೆರಡು ದಿನ ಇದೆ. ನಿನ್ನೆಯೇ ಅವನ ಮೆಸೇಜ್ ಬಂತು, "ಬಾಡಿಗೆ ರೆಡಿ ಇಟ್ಟಿರು."

ದೂರು ಕೊಡು ಅಂತ ಕ್ಲಾಸಿನವರು ಹೇಳ್ತಾರೆ. ನಿಯಮ ನನ್ನ ಪರವಾಗೇ ಇದೆ. ಮನೆ ಕೊಟ್ಟವನು ಸಹಿ ಹಾಕದಿದ್ದರೆ ಅದನ್ನ ನೋಂದಣಿ ಕಚೇರಿಗೆ ತಕ್ಷಣ ತಿಳಿಸಬೇಕು ಅಂತಲೇ ಕಾನೂನಲ್ಲಿದೆ. ಆದರೆ ತಿಳಿಸಿದ ಮೇಲೆ ಅವನು ನಮ್ಮಿಬ್ಬರನ್ನೂ ಹೊರಗೆ ಹಾಕಿದರೆ? ನವೆಂಬರ್ ಚಳಿಯಲ್ಲಿ ಸೂಟ್‌ಕೇಸ್ ಹಿಡಿದು ಎಲ್ಲಿಗೆ ಹೋಗೋದು? ಅಡ್ವಾನ್ಸ್ ಕೊಟ್ಟಿದ್ದಕ್ಕೆ ಒಂದು ಚೂರು ಕಾಗದದ ಸಾಕ್ಷಿ ಇಲ್ಲ. ಇದೆಲ್ಲ ಅವನಿಗೆ ಚೆನ್ನಾಗಿ ಗೊತ್ತು. ನಮ್ಮ ಹೆದರಿಕೆ ಮೇಲೇ ಅವನು ಬಾಡಿಗೆ ತಿಂತಿರೋದು. ತೆಲುಗು ಹುಡುಗಿ ಬೇಡ ಕಣೇ ಅಂತ ಅತ್ತಳು, ಅವಳ ಮೇಲೆ ನನಗೆ ಬೇಜಾರಿಲ್ಲ.

ನನ್ನ ವೀಸಾ ಇರೋದು ಮೂರು ತಿಂಗಳಿಗೆ. ಅದು ಮುಗಿಯೋದರೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು, ಅಲ್ಲೂ ಮೊದಲು ಕೇಳೋದು ಇದೇ ನೋಂದಣಿ ಪತ್ರ. ನೋಂದಣಿ ಕಚೇರಿಯಲ್ಲಿ ಸಿಕ್ಕಿರೋ ಅಪಾಯಿಂಟ್‌ಮೆಂಟ್ ನವೆಂಬರ್ 12ಕ್ಕೆ. ಅವನ ಸಹಿ ಇದ್ದರೂ ಹೋಗ್ತೀನಿ, ಇಲ್ಲದಿದ್ದರೂ ಹೋಗ್ತೀನಿ. ಅವನು ಬಾಡಿಗೆ ಕೇಳಿ ಕಳಿಸಿದ ಮೆಸೇಜ್‌ಗಳನ್ನೆಲ್ಲ ಇವತ್ತು ಮಧ್ಯಾಹ್ನ ಲೈಬ್ರರಿಯಲ್ಲಿ ಪ್ರಿಂಟ್ ತೆಗೆಸಿದೆ, ಒಂಬತ್ತು ಹಾಳೆ ಆಯ್ತು.