ಅದು ಪಾಚಿ ಅಲ್ಲ, ಕಿತ್ತು ಹಾಕಬೇಡಿ

ನಮ್ಮ ಹಿತ್ತಲಿನ ಹೊಂಡ ನೋಡಿದವರು ಮೊದಲು ಹೇಳುವ ಮಾತು ಒಂದೇ. "ಪಾಚಿ ಭಾಳ ಆಗ್ಯಾದ್ರಿ, ತೆಗೆಸಿಬಿಡ್ರಿ." ಪಕ್ಕದ ಮನೆಯ ಕಾಕಾ ಹೇಳಿದ್ದಾರೆ. ಹಾಲು ಹಾಕುವವರು ಹೇಳಿದ್ದಾರೆ. ಬೀದರಿನಿಂದ ಬಂದಿದ್ದ ನಮ್ಮ ಅತ್ತೆಯೂ ಹೇಳಿ ಹೋಗಿದ್ದಾರೆ. ಎಲ್ಲರದೂ ಕಾಳಜಿಯ ಮಾತೇ. ಆದರೂ ಕೇಳಿದಾಗೆಲ್ಲ ನನಗೆ ಸಂಕಟ ಆಗುತ್ತದೆ. ಆ ಹೊಂಡದಲ್ಲಿ ಜೀವ ತುಂಬಿರುವುದೇ ಅವರು ಪಾಚಿ ಅನ್ನುವ ಆ ಗಿಡಗಳಿಂದ. ಇವತ್ತು ಅದರ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಬಿಡುವಿದ್ದಾಗ ಓದಿ.

ಕಲ್ಲಿಗೆ ಅಂಟಿ ಕಾಲು ಜಾರಿಸುವುದು ಪಾಚಿ. ಕೂದಲಿನ ಹಾಗೆ ಗೋಜಲಾಗಿ ತೇಲುವುದು, ನೀರನ್ನೇ ಹಸಿರು ಮಾಡುವುದು, ಅವೂ ಪಾಚಿಯೇ. ನಾನು ಹೇಳುತ್ತಿರುವುದು ಬೇರೆ. ಕಾಂಡ, ಎಲೆ, ಹೂವು ಎಲ್ಲ ಇರುವ ನಿಜವಾದ ಗಿಡಗಳು ಇವು. ನೀರಿನ ಒಳಗೇ ಬದುಕುತ್ತವೆ ಅಷ್ಟೇ. ಹೈಸ್ಕೂಲಿನಲ್ಲಿ ಬೀಕರಿನ ನೀರಿಗೆ ಒಂದು ಹಿಡಿ ಗಿಡ ಹಾಕಿ, ಮೇಲೆ ಆಲಿಕೆ ಬೋರಲು ಮಾಡಿ, ಅದರ ಮೇಲೆ ಪ್ರನಾಳ ಇಟ್ಟು ಬಿಸಿಲಿಗೆ ಇಡುತ್ತಿದ್ದರು, ನೆನಪಿದೆಯಾ? ಗುಳ್ಳೆ ಗುಳ್ಳೆಯಾಗಿ ಆಮ್ಲಜನಕ ಮೇಲೆ ಬರುತ್ತಿತ್ತು. ಆ ಗಿಡದ ಹೆಸರು ಹೈಡ್ರಿಲ್ಲಾ. ಪುಸ್ತಕದಲ್ಲಿ ಅದರ ಚಿತ್ರ ಬಿಡಿಸಿ ಮಾರ್ಕ್ಸ್ ತೆಗೆದುಕೊಂಡವರೇ ನಾವೆಲ್ಲ. ಕೆರೆಯಲ್ಲಿ ಕಂಡಾಗ ಮಾತ್ರ ಪಾಚಿ ಅಂತೀವಿ.

ಹೊಂಡ ತೋಡಿಸಿದ್ದು 2019ರ ಮಳೆಗಾಲದ ಮುಂಚೆ. ಎಂಟು ಅಡಿ ಉದ್ದ, ಐದು ಅಡಿ ಅಗಲ, ನಡುವೆ ಎರಡೂವರೆ ಅಡಿ ಆಳ. ನಮ್ಮ ಕಲಬುರಗಿಯ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಸಿಮೆಂಟಿನ ತೊಟ್ಟಿ ಕಟ್ಟಿದರೆ ಅದರ ಜೊತೆಗೇ ಸೀಳುತ್ತದೆ. ಅದಕ್ಕೆ ಕೃಷಿ ಹೊಂಡಕ್ಕೆ ಹಾಸುವ ದಪ್ಪ ಕಪ್ಪು ಹಾಳೆ ತಂದು ಹಾಸಿದೆವು. ಅಂಚಿಗೆ ಶಹಾಬಾದ್ ಫರಸಿ ಚೂರುಗಳು. ಒಂದು ಕಡೆ ಮಾತ್ರ ಇಳಿಜಾರು ಬಿಟ್ಟು ಹೆಂಟೆಗಲ್ಲು ಹರಡಿದೆವು. ಅಳಿಲು, ಗುಬ್ಬಿ ನೀರು ಕುಡಿಯಲು ಬಂದರೆ ಮುಳುಗಬಾರದಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಮೇಲೆ ಗಟ್ಟಿ ಜಾಲರಿ ಬೇಕೇ ಬೇಕು.

ಮೊದಲ ವರ್ಷ ನನಗೆ ಏನೂ ಗೊತ್ತಿರಲಿಲ್ಲ. ಒಂದು ಅಕ್ವೇರಿಯಂ ಅಂಗಡಿಯಿಂದ ನಾಲ್ಕು ಕಟ್ಟು ಗಿಡ, ಆರು ಗೋಲ್ಡ್‌ಫಿಶ್, ಒಂದು ಸಣ್ಣ ಪಂಪು ತಂದೆ. ಗಿಡದ ಜೊತೆ ಉಗುರಿನಷ್ಟು ಚಿಕ್ಕ ಎಲೆಯ ತೇಲುಗಿಡ ಒಂದೆರಡು ಬಂದಿತ್ತು. ಚಂದ ಕಂಡಿತು, ಬಿಟ್ಟೆ. ಅದು ಸಾಲ್ವಿನಿಯಾ ಅಂತ ಆಮೇಲೆ ಗೊತ್ತಾಯಿತು. ಬ್ರೆಜಿಲ್ ಕಡೆಯ ಜರೀಗಿಡ. ಶ್ರಾವಣದ ಹೊತ್ತಿಗೆ ನೀರೇ ಕಾಣದ ಹಾಗೆ ಚಾಪೆ ಹಾಸಿತ್ತು. ಕೆಳಗೆ ಬಿಸಿಲು ಇಳಿಯಲಿಲ್ಲ, ಒಳಗಿನ ಗಿಡಗಳೆಲ್ಲ ಕೊಳೆತವು. ಆ ಚಾಪೆ ತೆಗೆದು ಮುಗಿಸಲು ದೀಪಾವಳಿ ಬಂತು. ಮುಂದಿನ ಮೇ ತಿಂಗಳಲ್ಲಿ ಒಂದು ರಾತ್ರಿ ಕರೆಂಟ್ ಹೋಯಿತು, ಪಂಪು ನಿಂತಿತು. ಬೆಳಿಗ್ಗೆ ಐದೂವರೆಗೆ ಹೋಗಿ ನೋಡಿದರೆ ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಡಿಯುತ್ತಿದ್ದವು. ನಾಲ್ಕು ಉಳಿಯಲಿಲ್ಲ. ಉಳಿದ ಎರಡನ್ನು ತೊಟ್ಟಿ ಇಟ್ಟಿದ್ದ ಒಬ್ಬ ಗೆಳೆಯನಿಗೆ ಕೊಟ್ಟೆ. ಆ ಬೆಳಿಗ್ಗೆ ಇವತ್ತಿಗೂ ಮರೆತಿಲ್ಲ.

ಯಾಕೆ ಹಾಗಾಯಿತು ಅಂತ ಓದತೊಡಗಿದೆ. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ನಿಲ್ಲುವುದು ಕಡಿಮೆ. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಹಿಡಿಯುತ್ತದೆ. 35 ಡಿಗ್ರಿಗೆ ಬಂದರೆ 7 ಅಷ್ಟೇ. ನಮ್ಮ ಊರಿನ ಬೇಸಿಗೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹಗಲು ಗಿಡಗಳು ಆಮ್ಲಜನಕ ಬಿಡುತ್ತವೆ ನಿಜ. ರಾತ್ರಿ ಅವೂ ನಮ್ಮ ಹಾಗೆ ಉಸಿರಾಡುತ್ತವೆ, ಇದ್ದದ್ದನ್ನೇ ಬಳಸುತ್ತವೆ. ಅದಕ್ಕೇ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವುದು ಬೆಳಕು ಹರಿಯುವ ಮುಂಚೆ. ಕೊಳೆತ ಎಲೆ, ಹೆಚ್ಚಾದ ಮೀನಿನ ಆಹಾರ ಇದ್ದರಂತೂ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ಉಳಿದದ್ದನ್ನೂ ಕುಡಿದುಬಿಡುತ್ತವೆ.

ಹಾಗಾಗಿ ನೀರೊಳಗಿನ ಈ ಗಿಡಗಳಿಗೆ ಕೆಲವರು ಹೇಳುವ "ಆಕ್ಸಿಜನ್ ಗಿಡ" ಅನ್ನುವ ಹೆಸರು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಆಮ್ಲಜನಕ ಅವು ಕೊಡುವುದರಲ್ಲಿ ಒಂದು ಪಾಲು ಮಾತ್ರ. ನೀರಿನಲ್ಲಿ ಕರಗಿದ ನೈಟ್ರೇಟ್, ಫಾಸ್ಫೇಟ್ ಅನ್ನು ಎಲೆಯಿಂದಲೇ ಹೀರಿ ನಿಜವಾದ ಪಾಚಿಗೆ ಊಟ ಸಿಗದ ಹಾಗೆ ಮಾಡುತ್ತವೆ. ಮೊಟ್ಟೆ ಇಡುವವರಿಗೆ ಜಾಗ ಕೊಡುತ್ತವೆ. ಅಡಗುವವರಿಗೆ ಮರೆ ಕೊಡುತ್ತವೆ. ಗಿಡ ಇಲ್ಲದ ಹೊಂಡಕ್ಕೆ ಎಷ್ಟು ಪಂಪು ಹಚ್ಚಿದರೂ ಅದು ಗುಳ್ಳೆ ಏಳುವ ನೀರು ಮಾತ್ರ.

ಎರಡನೇ ಸಲ ನಾನು ಅಂಗಡಿಗೆ ಹೋಗಲಿಲ್ಲ. ಅಫಜಲಪುರ ಕಡೆ ನಮ್ಮ ಸೋದರಮಾವನ ಹೊಲದ ಬಾವಿಯಲ್ಲಿ ಹೈಡ್ರಿಲ್ಲಾ ಸೊಂಪಾಗಿ ಬೆಳೆದಿತ್ತು. ಮಾವ ನಕ್ಕರು. "ಇದನ್ನ ತಗೊಂಡ್ ಹೋಗ್ಲಾಕ ಕಲಬುರಗಿಯಿಂದ ಬಂದಿಯೇನಪಾ?" ಅರ್ಧ ಬಕೆಟ್ ತಂದೆ. ಹತ್ತಿರದ ಹಳ್ಳದಲ್ಲಿ ಮೀನು ಹಿಡಿಯುವವರ ಬಲೆಗೆ ಸಿಕ್ಕಿದ್ದ ಸೆರಾಟೋಫಿಲ್ಲಂ ಅನ್ನುವ ಗಿಡ ಒಂದು ಹಿಡಿ ಸಿಕ್ಕಿತು. ಬಿಸಾಡುವವರಿದ್ದರು, ಕೇಳಿದ್ದಕ್ಕೆ ಕೊಟ್ಟರು. ನರಿ ಬಾಲದ ಹಾಗೆ ಇರುತ್ತದೆ. ಎಲೆ ಕವಲೊಡೆದು ಒರಟಾಗಿರುತ್ತದೆ. ಬೇರೇ ಇಲ್ಲದ ಗಿಡ ಅದು, ಸುಮ್ನೆ ನೀರಿಗೆ ಬಿಟ್ಟರೆ ಸಾಕು. ಪಕ್ಷಿಧಾಮದಿಂದ ಮಾತ್ರ ಏನನ್ನೂ ಕೀಳಬಾರದು. ಸುರಪುರದ ಹತ್ತಿರ ಬೋನಾಳ ಪಕ್ಷಿಧಾಮಕ್ಕೆ ಚಳಿಗಾಲದಲ್ಲಿ ಹೋದಾಗ ನಾಮದ ಕೋಳಿ ಅನ್ನುವ ನೀರುಹಕ್ಕಿಗಳು ಮುಳುಗಿ ಇಂಥದೇ ಗಿಡ ಕಚ್ಚಿಕೊಂಡು ಮೇಲೆ ಬರುವುದನ್ನು ತುಂಬಾ ಹೊತ್ತು ನಿಂತು ನೋಡಿದ್ದೇನೆ. ಅದು ಅವುಗಳ ಊಟ.

ತಂದ ಗಿಡವನ್ನು ನೇರ ಹೊಂಡಕ್ಕೆ ಹಾಕಲಿಲ್ಲ. ಸಾಲ್ವಿನಿಯಾ ಕಲಿಸಿದ ಪಾಠ. ಹದಿನೈದು ದಿನ ಪ್ಲಾಸ್ಟಿಕ್ ಟಬ್ಬಿನಲ್ಲಿ ಇಟ್ಟು, ದಿನಾ ನೋಡಿ, ಬೇಡದ ತೇಲುಗಿಡ ಆರಿಸಿ ತೆಗೆದೆ. ಆಮೇಲೆ ಹೈಡ್ರಿಲ್ಲಾವನ್ನು ಗೇಣುದ್ದ ಕತ್ತರಿಸಿ, ಐದಾರು ಕಡ್ಡಿ ಸೇರಿಸಿ, ಬಾಳೆ ನಾರಿನಿಂದ ಸಣ್ಣ ಕಲ್ಲಿಗೆ ಕಟ್ಟಿ ಇಳಿಬಿಟ್ಟೆ. ವಾರದಲ್ಲಿ ಗೆಣ್ಣಿನಿಂದ ಬಿಳಿ ಬೇರು ಬಂತು. ಗೊಬ್ಬರ ಮಾತ್ರ ಹಾಕಬೇಡಿ. ಕುಂಡದಲ್ಲಿ ನೆಡುವುದಾದರೆ ಬರೀ ಹೊಲದ ಮಣ್ಣು, ಮೇಲೆ ಒಂದು ಪದರ ಗರಸು. ಸಗಣಿ ಗೊಬ್ಬರ ಬಿದ್ದರೆ ಮೂರೇ ದಿನದಲ್ಲಿ ನೀರು ಪಲ್ಯದ ಸೊಪ್ಪು ಅರೆದ ಹಾಗೆ ಆಗುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಎರಡು ದಿನ ತೆರೆದಿಡಿ. ಮಾಳಿಗೆಯ ಮಳೆನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ.

ವ್ಯಾಲಿಸ್ನೇರಿಯಾ ಅನ್ನುವ ಇನ್ನೊಂದು ನೀರೊಳಗಿನ ಗಿಡ ಸಿಗಲು ಮತ್ತೊಂದು ವರ್ಷ ಬೇಕಾಯಿತು. ರಿಬ್ಬನ್ನಿನ ಹಾಗೆ ಉದ್ದ ಎಲೆ. ಇದರ ಹೂವಿನ ಕೆಲಸ ನೋಡಿದ ದಿನ ನಾನು ಆಫೀಸಿಗೆ ತಡವಾಗಿ ಹೋದೆ. ಹೆಣ್ಣು ಹೂವು ದಾರದಂಥ ಉದ್ದ ತೊಟ್ಟಿನ ಮೇಲೆ ನೀರಿನ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಗಂಡು ಹೂವುಗಳು ಗಿಡದ ಬುಡದಲ್ಲೇ ಕಳಚಿಕೊಂಡು, ರವೆ ಕಾಳಿನ ಹಾಗೆ ಮೇಲಕ್ಕೆ ತೇಲಿ ಬಂದು ಅರಳಿ, ಗಾಳಿಗೆ ಜಾರುತ್ತ ಹೆಣ್ಣು ಹೂವಿನ ಹತ್ತಿರ ಸೇರುತ್ತವೆ. ಪರಾಗ ತಾಗಿದ ಮೇಲೆ ಆ ದಾರ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡು ಹೂವನ್ನು ಮತ್ತೆ ನೀರೊಳಕ್ಕೆ ಎಳೆದುಕೊಳ್ಳುತ್ತದೆ. ಕಾಯಿ ಬೆಳೆಯುವುದು ಕೆಳಗೆ. ಸೆರಾಟೋಫಿಲ್ಲಂನದಂತೂ ಪರಾಗವೂ ನೀರೊಳಗೇ ಸಾಗುತ್ತದೆ. ನಮ್ಮ ಕೆರೆ, ಬಾವಿಗಳಲ್ಲಿ ಯಾರೂ ನೋಡದೇ ಇದೆಲ್ಲ ಎಷ್ಟು ಕಾಲದಿಂದ ನಡೆದಿದೆ ಅಲ್ವಾ?

ಇನ್ನೊಂದು ಸಂಗತಿ ನಮ್ಮ ಕಡೆಯ ನೀರಿಗೇ ಸೇರಿದ್ದು. ಬೇಸಿಗೆಯಲ್ಲಿ ಹೈಡ್ರಿಲ್ಲಾ ಎಲೆ ಮುಟ್ಟಿ ನೋಡಿ, ಮೇಲೆ ಬೂದಿ ಬಣ್ಣದ ಪುಡಿ ಹತ್ತಿರುತ್ತದೆ. ರೋಗ ಅಂತ ತಿಳಿದು ನಾನು ಒಂದು ಸಲ ಎರಡು ಕಟ್ಟು ಕಿತ್ತು ಹಾಕಿದ್ದೆ. ಅದು ಸುಣ್ಣ. ನಮ್ಮ ಬೋರ್ ನೀರು ಗಡಸು, ಬೈಕಾರ್ಬನೇಟ್ ಜಾಸ್ತಿ. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಮುಗಿದಾಗ ಗಿಡ ಆ ಬೈಕಾರ್ಬನೇಟ್‌ನಿಂದಲೇ ಇಂಗಾಲ ತೆಗೆದುಕೊಳ್ಳುತ್ತದೆ, ಸುಣ್ಣ ಎಲೆಯ ಮೇಲೆ ಕೂರುತ್ತದೆ. ಅಂಚಿಗೆ ನಾನು ಜೋಡಿಸಿದ ಫರಸಿಯೂ ಸುಣ್ಣದ ಕಲ್ಲೇ. ಈ ನೀರಿಗೆ ಒಗ್ಗಿದ ಗಿಡಕ್ಕೆ ಅದು ತೊಂದರೆಯೇ ಅಲ್ಲ. ಅಂಗಡಿಯಿಂದ ತಂದಿದ್ದ ಕೆಂಪು ಛಾಯೆಯ ಕಬೊಂಬಾ ಅನ್ನುವ ಗಿಡ ಇದೇ ನೀರಿನಲ್ಲಿ ಒಂದು ತಿಂಗಳೂ ಬಾಳಿರಲಿಲ್ಲ.

"ನಮ್ಮ ನೆಲದ್ದೇ ಯಾಕೆ ಬೇಕು, ಗಿಡ ಗಿಡವೇ ಅಲ್ವಾ" ಅಂತ ಒಬ್ಬರು ಕೇಳಿದ್ದರು. ಹೈಡ್ರಿಲ್ಲಾದ ಕಥೆಯನ್ನೇ ನೋಡಿ. 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದವರು ಇದನ್ನು ಅಮೆರಿಕದ ಫ್ಲೋರಿಡಾಕ್ಕೆ ಒಯ್ದರು. ಅಲ್ಲಿ ಅದು ನದಿ, ಸರೋವರ, ಕಾಲುವೆಗಳನ್ನೆಲ್ಲ ತುಂಬಿಕೊಂಡಿತು. ತೆಗೆಯಲು ಅವರು ಇವತ್ತಿಗೂ ದುಡ್ಡು ಸುರಿಯುತ್ತಿದ್ದಾರೆ. ಇಲ್ಲಿ ಅದನ್ನು ತಿನ್ನುವ ಹಕ್ಕಿ ಇದೆ, ಮೀನಿದೆ, ಹುಳು ಇದೆ, ಒಣಗಿಸುವ ಬೇಸಿಗೆ ಇದೆ. ಹೊರಗಿನಿಂದ ಇಲ್ಲಿಗೆ ಬಂದದ್ದರ ಗತಿಯೂ ಅದೇ. ದಕ್ಷಿಣ ಅಮೆರಿಕದಿಂದ ನೇರಳೆ ಹೂವಿನ ಚಂದಕ್ಕೆ ಅಂತ ತಂದ ವಾಟರ್ ಹಯಸಿಂತ್ ನಮ್ಮ ಎಷ್ಟು ಕೆರೆಗಳನ್ನು ಮುಚ್ಚಿದೆ ಅಂತ ಎಲ್ಲರೂ ಕಂಡಿದ್ದೀರಿ. ಅಂಗಡಿಯಲ್ಲಿ ಹೈಡ್ರಿಲ್ಲಾದ ಹಾಗೇ ಕಾಣುವ ಎಜೀರಿಯಾ ಅನ್ನುವ ಗಿಡವೂ ದಕ್ಷಿಣ ಅಮೆರಿಕದ್ದೇ. ಬೆರಳಿನಲ್ಲಿ ಎಳೆದು ನೋಡಿ. ಹೈಡ್ರಿಲ್ಲಾ ಎಲೆಯ ಅಂಚು ಸಣ್ಣ ಹಲ್ಲಿನಿಂದ ಒರಟಾಗಿರುತ್ತದೆ, ಎಜೀರಿಯಾ ನುಣುಪು.

ಈಗ ಸೊಳ್ಳೆಯ ವಿಷಯ. ಇದನ್ನು ಹಗುರಾಗಿ ತೆಗೆದುಕೊಳ್ಳುವ ಹಾಗಿಲ್ಲ, ನಮ್ಮ ಓಣಿಯಲ್ಲೇ ಡೆಂಗ್ಯೂ ಆಗಿದೆ. ಹೋದ ವರ್ಷ ಲಾರ್ವಾ ನೋಡಲು ಬಂದ ಆಶಾ ಕಾರ್ಯಕರ್ತೆ ಹೊಂಡ ನೋಡಿ ಗಾಬರಿಯಾದರು. "ಅಣ್ಣಾರ, ಇದನ್ನ ಖಾಲಿ ಮಾಡ್ರಿ." ನಾನು ಅಡುಗೆಮನೆಯಿಂದ ಬಿಳಿ ಪಿಂಗಾಣಿ ತಟ್ಟೆ ತಂದು ಹೊಂಡದ ನೀರು ಮೊಗೆದು ತೋರಿಸಿದೆ. ಒಂದೂ ಸೊಳ್ಳೆ ಮರಿ ಇರಲಿಲ್ಲ. ಏರೋಪ್ಲೇನ್ ಚಿಟ್ಟೆಯ ಮರಿ ಎರಡು, ಬೆನ್ನ ಮೇಲೆ ಈಜುವ ಹುಳು ನಾಲ್ಕೈದು ಇದ್ದವು. ಇವೆಲ್ಲ ಸೊಳ್ಳೆ ಮರಿ ತಿನ್ನುವವು. ಆಮೇಲೆ ಇಬ್ಬರೂ ಸೇರಿ ಮನೆಯ ಸುತ್ತ ನೋಡಿದೆವು. ಮರಿ ಸಿಕ್ಕಿದ್ದು ಮೂರು ದಿನಕ್ಕೊಮ್ಮೆ ಬರುವ ನೀರು ತುಂಬಿಡುವ ನಮ್ಮದೇ ಡ್ರಮ್ಮಿನಲ್ಲಿ, ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಇಷ್ಟ ಆಗುವುದು ಇಂಥ ಡ್ರಮ್, ಟೈರು, ಕೂಲರ್. ಅವರು ಈಗ ಬಂದಾಗೆಲ್ಲ ಡ್ರಮ್ಮನ್ನೂ ಹೊಂಡವನ್ನೂ ಎರಡೂ ನೋಡುತ್ತಾರೆ. ನೋಡಲೇಬೇಕು.

ಸೊಳ್ಳೆಗೆ ಅಂತ ಗ್ಯಾಂಬೂಸಿಯಾ ಮೀನು ಬಿಡಿ ಅನ್ನುವವರೂ ಇದ್ದಾರೆ. 1928ರಲ್ಲಿ ನಮ್ಮ ದೇಶಕ್ಕೆ ತಂದ ಅಮೆರಿಕದ ಮೀನು ಅದು. ಸೊಳ್ಳೆ ಮರಿಯ ಜೊತೆಗೆ ಕಪ್ಪೆಯ ಗೊದಮೊಟ್ಟೆ, ಏರೋಪ್ಲೇನ್ ಚಿಟ್ಟೆಯ ಮರಿ ಎಲ್ಲವನ್ನೂ ಕಚ್ಚುತ್ತದೆ. ಇಂಥ ಸಣ್ಣ ಹೊಂಡಕ್ಕೆ ಮೀನೇ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಾನು ಮೀನು ಬಿಡುವುದನ್ನು ನಿಲ್ಲಿಸಿದ ಮೇಲೆಯೇ ಉಳಿದವರೆಲ್ಲ ಬಂದರು. ಮೊದಲ ಮಳೆಗೆ ನೆಲಗಪ್ಪೆ ಬಂದು ಕರಿಮಣಿ ಸರದಂಥ ಮೊಟ್ಟೆಯನ್ನು ಗಿಡಕ್ಕೆ ಸುತ್ತಿ ಹೋಯಿತು. ಸೂಜಿಯಂಥ ಸಣ್ಣ ಏರೋಪ್ಲೇನ್ ಚಿಟ್ಟೆಯ ಜೋಡಿ ಹೈಡ್ರಿಲ್ಲಾ ತುದಿಯ ಮೇಲೆ ಕೂತು, ಹೆಣ್ಣು ಬಾಲ ಬಗ್ಗಿಸಿ ಕಾಂಡ ಸೀಳಿ ಒಳಗೆ ಮೊಟ್ಟೆ ಇಡುತ್ತದೆ. ಗಿಡ ಕಿತ್ತರೆ ಮೊಟ್ಟೆಯೂ ಹೋಯಿತು. ನಾನು ತೆಗೆಯಬೇಡಿ ಅನ್ನುವುದು ಇದಕ್ಕೇ.

ಹಾಗಂತ ಪೂರ್ತಿ ಬಿಟ್ಟುಬಿಡಲೂ ಆಗುವುದಿಲ್ಲ. ಹೈಡ್ರಿಲ್ಲಾ ಹುಚ್ಚು ಬೆಳೆಯುತ್ತದೆ. ಹೊಂಡದ ಅರ್ಧ ದಾಟಿದರೆ ಕೈಯಿಂದ ಸ್ವಲ್ಪ ಸ್ವಲ್ಪ ತೆಗೆಯಿರಿ. ಒಂದೇ ಸಲ ಎಲ್ಲ ಬೇಡ, ಮೂರರಲ್ಲಿ ಒಂದು ಪಾಲು ಸಾಕು. ತೆಗೆದದ್ದನ್ನು ಅಂಚಿನಲ್ಲಿ ಒಂದು ರಾತ್ರಿ ಇಟ್ಟರೆ ಒಳಗಿನ ಹುಳುಗಳು ತಾವೇ ನೀರಿಗೆ ಮರಳುತ್ತವೆ. ನಮ್ಮ ಬಿಸಿಲಿಗೆ ಹಗಲು ಇಡಬೇಡಿ, ಅರ್ಧ ಗಂಟೆಯಲ್ಲಿ ಎಲ್ಲ ಒಣಗುತ್ತವೆ. ನಾನು ಸಂಜೆ ತೆಗೆದು ಒದ್ದೆ ಗೋಣಿಚೀಲ ಮುಚ್ಚುತ್ತೇನೆ, ಬೆಳಿಗ್ಗೆ ಕಾಂಪೋಸ್ಟಿಗೆ ಹಾಕುತ್ತೇನೆ. ಕೆರೆಗೆ, ಹಳ್ಳಕ್ಕೆ, ಚರಂಡಿಗೆ ಮಾತ್ರ ಎಸೆಯಬೇಡಿ. ಹೊಂಡ ಬೇಸಿಗೆಯಲ್ಲಿ ಬತ್ತಿದರೂ ಕೆಸರು ಕೆರೆದು ಹಾಕಬೇಡಿ. ಕೆಳಗೆ ಹೈಡ್ರಿಲ್ಲಾದ ಬಟಾಣಿ ಕಾಳಿನಷ್ಟು ಗೆಡ್ಡೆಗಳಿರುತ್ತವೆ. 2023ರ ಮೇನಲ್ಲಿ ನಾವು ಊರಲ್ಲಿ ಇಲ್ಲದಾಗ ನೀರು ತಳಕ್ಕೆ ಹೋಗಿ ಗಿಡವೆಲ್ಲ ಒಣ ಹುಲ್ಲಾಗಿತ್ತು. ಮಿರಗದ ಮಳೆ ಬಿದ್ದು ಮೂರು ವಾರಕ್ಕೆ ಕೆಸರಿನಿಂದ ಹಸಿರು ಮೊಳಕೆ ಎದ್ದವು.

ಈ ಭಾನುವಾರ ಸಂಜೆ ಮತ್ತೆ ತೆಗೆಯುವುದಿದೆ. ಹೊಂಡ, ತೊಟ್ಟಿ, ಕಡೆಗೆ ಒಂದು ಹಳೆಯ ಕಲ್ಲಿನ ಬಾನಿ ಇದ್ದರೂ ಸರಿ, ಕಲಬುರಗಿಯವರು ಯಾರಾದರೂ ಬನ್ನಿ, ಒಂದೊಂದು ಹಿಡಿ ಹೈಡ್ರಿಲ್ಲಾ ಕೊಡುತ್ತೇನೆ. ಇನ್‌ಬಾಕ್ಸಿಗೆ ಬರೆದರೆ ವಿಳಾಸ ಹೇಳುತ್ತೇನೆ. ಮನೆಗೆ ಒಯ್ದ ಮೇಲೆ ಹದಿನೈದು ದಿನ ಟಬ್ಬಿನಲ್ಲಿ ಇಟ್ಟು ನೋಡಿ. ನಮ್ಮದರಲ್ಲಿ ಸಾಲ್ವಿನಿಯಾ ಈಗ ಇಲ್ಲ, ಆದರೂ ನೋಡಿ.