ಆ ಸ್ಟಾರ್ ಬಂದಿದ್ದು ಬೆಲ್ಟ್ ಹಾಕಿದ ಗೊಂಬೆಗೆ

ನಿನ್ನೆ ಮಡಿಕೇರಿಯಲ್ಲಿ ಮದುವೆ ಊಟ ಮುಗಿಸಿ ಸುಂಟಿಕೊಪ್ಪಕ್ಕೆ ವಾಪಸ್ ಬರುವಾಗ ಚಿಕ್ಕಮ್ಮನ ಮಗನ ಹೊಸ ಕಾರು ಹತ್ತಿದೆ. ತಗೊಂಡು ತಿಂಗಳೂ ಆಗಿಲ್ಲ. "ಅಣ್ಣ, ಫೈವ್ ಸ್ಟಾರ್ ಗಾಡಿ, ಆರು ಏರ್‌ಬ್ಯಾಗ್" ಅಂತ ಬಾಗಿಲು ಹಾಕಿ ತೆಗೆದು ಅದರ ಗಟ್ಟಿ ಸದ್ದು ಕೇಳಿಸಿದ. ನನಗೂ ಖುಷಿಯೇ ಆಯಿತು. ಆಮೇಲೆ ಸ್ಟೇರಿಂಗ್ ಮುಂದೆ ಕೂತವನು ಹೆಬ್ಬೆರಳುದ್ದದ ಒಂದು ಉಕ್ಕಿನ ಕ್ಲಿಪ್ ತೆಗೆದು ಬೆಲ್ಟಿನ ಬಕಲ್ಲಿಗೆ ಚುಚ್ಚಿದ. ಟಕ್ ಅಂತು, ಬೆಲ್ಟ್ ಹಾಕಿಲ್ಲ ಅಂತ ಅಷ್ಟು ಹೊತ್ತೂ ಬಡಕೊಳ್ಳುತ್ತಿದ್ದ ಅಲಾರಾಂ ನಿಂತಿತು. ಪಕ್ಕದ ಸೀಟಿಗೂ ಅಂಥದ್ದೇ ಇನ್ನೊಂದು. ಆ ಸೀಟಿನಲ್ಲಿ ಅವನ ಹೆಂಡತಿ, ಅವಳ ತೊಡೆ ಮೇಲೆ ಒಂದೂವರೆ ವರ್ಷದ ಮಗು.

"ಬೆಲ್ಟ್ ಹಾಕ್ಕೊಳೋ" ಅಂದೆ.

"ಬಿಡಿ ಅಣ್ಣ, ಇಲ್ಲೇ ಸುಂಟಿಕೊಪ್ಪ ತಾನೆ."

ಹಿಂದೆ ಕೂತ ನಾನು ನನ್ನ ಬೆಲ್ಟ್ ಎಳೆದೆ. ಬೆಲ್ಟ್ ಬಂತು, ಸಿಕ್ಕಿಸಲು ಬಕಲ್ಲೇ ಇಲ್ಲ. ಸೀಟ್ ಕವರ್ ಹಾಕಿದವನು ಮೂರೂ ಬಕಲ್ಲುಗಳನ್ನು ಅಡಿಗೆ ತಳ್ಳಿ, ಮೇಲೆ ರೆಕ್ಸಿನ್ ಎಳೆದು ಬಿಗಿದಿದ್ದ. ಸಂದಿಯಲ್ಲಿ ಬೆರಳು ತೂರಿಸಿ ತಡಕಾಡಿ, ಒಂದನ್ನು ಹೊರಗೆ ಎಳೆದುಕೊಳ್ಳುವಷ್ಟರಲ್ಲಿ ಬೋಯಿಕೇರಿ ದಾಟಿತ್ತು. ಉಗುರು ಕಿತ್ತು ರಕ್ತ ಬಂದಿತ್ತು.

ನಾನು ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷ ಯಾವ ಕೆಲಸ ಮಾಡಿ ತೋಟಕ್ಕೆ ಮರಳಿದೆ ಅಂತ ನಿಮಗೆಲ್ಲ ಗೊತ್ತು. ಕಂಪ್ಯೂಟರಿನಲ್ಲಿ ಕಾರುಗಳನ್ನು ಗೋಡೆಗೆ ಗುದ್ದಿಸುವ ಕೆಲಸ. ಹಾಗಾಗಿ ಆ ಟಕ್ ಸದ್ದು ನನಗೆ ಎಲ್ಲಿ ತಾಗುತ್ತೆ ಅಂತ ಒಂಚೂರು ಅರ್ಥ ಮಾಡ್ಕೊಳ್ಳಿ. ಫೈವ್ ಸ್ಟಾರ್ ಅಂತೀರಲ್ಲ, ಸುರಕ್ಷತೆಗೆ ಕೊಡುವ ಆ ಸ್ಟಾರ್ ಹೇಗೆ ಬರುತ್ತೆ? ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಕಾರಿನ ಮೂತಿಯ ಶೇಕಡಾ 40 ಭಾಗವನ್ನು ತಡೆಗೋಡೆಗೆ ಗುದ್ದಿಸ್ತಾರೆ. ಒಳಗೆ ಡಮ್ಮಿಗಳು, ಅಂದರೆ ಮನುಷ್ಯನ ಅಳತೆಯ ಗೊಂಬೆಗಳು, ಕೂತಿರುತ್ತವೆ. ಮುಖಕ್ಕೆ, ಮೊಣಕಾಲಿಗೆ ಬೇರೆ ಬೇರೆ ಬಣ್ಣ ಹಚ್ಚಿರ್ತಾರೆ, ಎಲ್ಲಿ ಹೋಗಿ ಬಡಿಯಿತು ಅಂತ ಆಮೇಲೆ ಕಲೆ ನೋಡಿ ತಿಳಿಯಲು. ಆ ಡಮ್ಮಿಗಳೆಲ್ಲ ಬೆಲ್ಟ್ ಹಾಕಿಕೊಂಡಿರುತ್ತವೆ. ಒಂದೂವರೆ ವರ್ಷದ ಮಗುವಿನ ಅಳತೆಯದ್ದೂ ಒಂದಿರುತ್ತೆ. ಅದು ಅಮ್ಮನ ತೊಡೆ ಮೇಲಲ್ಲ, ಹಿಂದಿನ ಸೀಟಿನಲ್ಲಿ, ಮಕ್ಕಳ ಸೀಟಿಗೆ ಬಿಗಿಸಿಕೊಂಡು ಕೂತಿರುತ್ತೆ. ಸ್ಟಾರ್ ಬಂದಿದ್ದು ಹಾಗೆ ಕೂತವರಿಗೆ. ಕ್ಲಿಪ್ ಚುಚ್ಚಿದ ಕ್ಷಣದಿಂದ ಆ ಸ್ಟಾರ್ ನಿಮ್ಮದಲ್ಲ.

ಏರ್‌ಬ್ಯಾಗ್ ಇದೆಯಲ್ಲ ಅಂತ ಎಲ್ಲರೂ ಅಂತಾರೆ. ಏರ್‌ಬ್ಯಾಗು ಬೆಲ್ಟಿನ ಜೊತೆಗಾರ, ಬೆಲ್ಟಿಗೆ ಬದಲಿ ಅಲ್ಲ. ಡಿಕ್ಕಿ ಗೊತ್ತಾದ ಕೆಲವೇ ಮಿಲಿಸೆಕೆಂಡಿನಲ್ಲಿ ಸಣ್ಣ ಮದ್ದು ಸಿಡಿದು ಬೆಲ್ಟನ್ನು ಹಿಂದಕ್ಕೆಳೆದು ಮೈಯನ್ನು ಸೀಟಿಗೆ ಬಿಗಿಯುತ್ತೆ. ಅಷ್ಟರಲ್ಲಿ, ಸುಮಾರು 30 ಮಿಲಿಸೆಕೆಂಡಿಗೆ, ರೆಪ್ಪೆ ಬಡಿಯುವುದಕ್ಕಿಂತ ಮೊದಲೇ ಚೀಲ ಊದಿರುತ್ತೆ. ಬೆಲ್ಟ್ ಇಲ್ಲದವನು ಊದುತ್ತಿರುವ ಚೀಲಕ್ಕೇ ಮುಖ ಕೊಟ್ಟಿರ್ತಾನೆ. ನಿನ್ನೆ ಆ ಚೀಲಕ್ಕೂ ಅಮ್ಮನಿಗೂ ನಡುವೆ ಮಗು ಇತ್ತು. ಚಕ್ಕುಲಿ ತಿನ್ನುತ್ತಿತ್ತು.

ನಮ್ಮ ರಸ್ತೆಯಲ್ಲಿ ಯಾರು ಸ್ಪೀಡ್ ಹೋಗ್ತಾರೆ, ನಲವತ್ತರಲ್ಲಿ ಏನಾಗುತ್ತೆ ಅಂತ ಅವನ ವಾದ. ಸಿಲ್ವರ್ ಓಕಿಗೆ ಏಣಿ ಹಾಕಿ ಮೆಣಸು ಕೊಯ್ಯೋದನ್ನು ನೋಡಿ ಬೆಳೆದವರು ನಾವು. ಇಪ್ಪತ್ತಡಿ ಮೇಲಿನಿಂದ ಬಿದ್ದವರನ್ನು ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದೂ ಇದೆ. 40 ಕಿಲೋಮೀಟರ್ ವೇಗದ ಕಾರು ಮರಕ್ಕೆ ಗುದ್ದಿ ನಿಂತರೆ, ಬೆಲ್ಟ್ ಇಲ್ಲದವನ ಮೈಗೆ ಬೀಳುವ ಏಟು ಅದೇ ಇಪ್ಪತ್ತಡಿಯಿಂದ ಬಿದ್ದ ಏಟು. ಮಗುವನ್ನು ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ ಅಂದಳು ಅವನ ಹೆಂಡತಿ. ಹತ್ತು ಕಿಲೋ ಮಗು. ಆ ವೇಗ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಸೊನ್ನೆಗೆ ಇಳಿದರೆ ಕೈಗೆ ಬೀಳುವ ಭಾರ ನೂರಹತ್ತು ಕಿಲೋ ದಾಟುತ್ತೆ, ಅಂದರೆ ಎರಡು ಮೂಟೆ ಕಾಫಿಗಿಂತ ಹೆಚ್ಚು. ಯಾವ ತಾಯಿಯ ಕೈ ಅದನ್ನು ತಡೆಯುತ್ತೆ, ಹೇಳಿ.

ಆನೆ ಬಂದರೆ ಬೆಲ್ಟ್ ಬಿಚ್ಚಿ ಓಡೋದು ಹೇಗೆ, ಗಾಡಿ ಕೆರೆಗೆ ಬಿದ್ದರೆ ಹೊರಗೆ ಬರೋದು ಹೇಗೆ ಅಂತಲೂ ಕೇಳ್ತಾರೆ. ಕೊಡಗಿನಲ್ಲಿ ಇದು ಸುಳ್ಳು ಭಯವಲ್ಲ, ಒಪ್ತೀನಿ. ಆದರೆ ಆನೆ ಎದುರು ಬಂದಾಗ ಕಾರಿನಿಂದ ಇಳಿದು ಓಡುವುದೇ ತಪ್ಪು. ಇನ್ನು ಕೆರೆ. ಬಿದ್ದ ಏಟಿಗೆ ತಲೆ ಒಡೆದು ಎಚ್ಚರ ತಪ್ಪಿದವನು ಬಾಗಿಲು ಹುಡುಕುವುದು ಹೇಗೆ? ಎಚ್ಚರ ಇದ್ದವನಿಗೆ ಬೆಲ್ಟ್ ಬಿಚ್ಚಲು ಹೆಬ್ಬೆರಳಿನ ಒಂದು ಒತ್ತು ಸಾಕು.

ಈ ಬೆಲ್ಟ್ ಸುಮ್ಮನೆ ಬಂದಿದ್ದಲ್ಲ. ಮನುಷ್ಯನ ಮೈ ಎಷ್ಟು ಹೊಡೆತ ತಡೆಯುತ್ತೆ ಅಂತ ತಿಳಿಯಲು ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಪಾಲ್ ಸ್ಟಾಪ್ 1954ರ ಡಿಸೆಂಬರ್ 10ರಂದು ರಾಕೆಟ್ ಬಂಡಿಗೆ ತನ್ನನ್ನೇ ಬಿಗಿಸಿಕೊಂಡ. ಗಂಟೆಗೆ ಸಾವಿರ ಕಿಲೋಮೀಟರ್ ಮೀರಿದ ವೇಗ, 1.4 ಸೆಕೆಂಡಿನಲ್ಲಿ ನಿಲುಗಡೆ. ಕಣ್ಣಿನ ರಕ್ತನಾಳ ಒಡೆದು ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ. ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸತ್ತವರ ದೇಹಗಳ ಮೇಲೆ ಪರೀಕ್ಷೆ ನಡೆಸಿ, ತಲೆಬುರುಡೆ ಎಷ್ಟು ಏಟಿಗೆ ಬಿರುಕು ಬಿಡುತ್ತೆ ಅಂತ ಅಳೆದರು. ಡಮ್ಮಿಯ ತಲೆಯೊಳಗಿನ ಸೆನ್ಸರ್ ಹೇಳುವ ಅಂಕಿಗೆ ಅರ್ಥ ಬಂದಿದ್ದು ಅಂಥ ದೇಹಗಳಿಂದ. 1959ರಲ್ಲಿ ವೋಲ್ವೋದ ನೀಲ್ಸ್ ಬೋಲಿನ್ ಮೂರು ಕಡೆ ಹಿಡಿಯುವ ಬೆಲ್ಟ್ ಮಾಡಿದ. ಕಂಪನಿ ಆ ಪೇಟೆಂಟನ್ನು ಎಲ್ಲ ಕಾರು ಕಂಪನಿಗಳಿಗೂ ಬಿಟ್ಟುಕೊಟ್ಟಿತು. ಇಷ್ಟೆಲ್ಲವನ್ನೂ ಒಂದು ಉಕ್ಕಿನ ತುಂಡು ಟಕ್ ಅಂತ ವ್ಯರ್ಥ ಮಾಡುತ್ತೆ. 2023ರ ಮೇನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆದೇಶ ಮಾಡಿ ಐದು ದೊಡ್ಡ ಆನ್‌ಲೈನ್ ಮಾರಾಟ ತಾಣಗಳಿಂದ ಈ ಕ್ಲಿಪ್ಪಿನ 13,118 ಜಾಹೀರಾತು ತೆಗೆಸಿತು. ಇವನಿಗೆ ಮಾತ್ರ ಸೀಟ್ ಕವರ್ ಅಂಗಡಿಯಲ್ಲಿ ಫ್ರೀ ಸಿಕ್ಕಿದೆ.

ಇಷ್ಟು ಕೋಪ ಯಾಕೆ ಅಂತ ಕೇಳುವವರಿಗೆ, ಇದುವರೆಗೆ ಇಲ್ಲಿ ಬರೆಯದ ಒಂದು ಮಾತು. ಒಂಬತ್ತು ವರ್ಷದ ಹಿಂದೆ ಹುಣಸೂರು ದಾಟಿದ ಮೇಲೆ ಎದುರಿನ ಟ್ರ್ಯಾಕ್ಟರ್ ತಪ್ಪಿಸಲು ಹೋಗಿ ನಾನು ಹುಣಸೆಮರಕ್ಕೆ ಗುದ್ದಿದೆ. ನನಗೆ ಭುಜದ ಮೇಲೆ ಬೆಲ್ಟಿನ ನೀಲಿ ಗೆರೆ, ಅಷ್ಟೇ. ಹಿಂದೆ ಕೂತಿದ್ದ ಹೆಂಡತಿಯ ದವಡೆ ನನ್ನ ಸೀಟಿಗೆ ಬಡಿದು ಎರಡು ಕಡೆ ಮುರಿಯಿತು. ಆರು ವಾರ ಹಲ್ಲಿಗೆ ತಂತಿ ಕಟ್ಟಿದ್ದರು, ಗಂಜಿಯನ್ನು ಸ್ಟ್ರಾದಲ್ಲಿ ಹೀರುತ್ತಿದ್ದಳು. ಅವತ್ತು ಹೊರಡುವಾಗ ಅವಳು ಬೆಲ್ಟ್ ಹುಡುಕಿದ್ದಳು. "ಹಿಂದಿನ ಸೀಟಿಗೆ ಯಾಕೆ, ಬಿಡು" ಅಂದವನು ನಾನೇ. ಆ ವಾರವೆಲ್ಲ ಆಫೀಸಿನಲ್ಲಿ ನಾನು ಮಾಡಿದ್ದು ಹಿಂದಿನ ಸೀಟಿನ ಬೆಲ್ಟಿನ ಲೆಕ್ಕವನ್ನೇ.

ನಿನ್ನೆ ಇಳಿಯುವಾಗ ಕೈ ಚಾಚಿ ಎರಡೂ ಕ್ಲಿಪ್ ಕಿತ್ತುಕೊಂಡೆ. ಅವನ ಮುಖ ಸಣ್ಣದಾಯಿತು, ಆದರೂ ಬೆಲ್ಟ್ ಎಳೆದು ಹಾಕಿದ. ಅವನ ಹೆಂಡತಿ ಏನೂ ಮಾತಾಡದೆ ಮಗು ಎತ್ತಿಕೊಂಡು ಹಿಂದಕ್ಕೆ ಬಂದು, ನಾನು ಹೊರಗೆಳೆದಿದ್ದ ಬಕಲ್ಲಿಗೆ ತನ್ನ ಬೆಲ್ಟ್ ಸಿಕ್ಕಿಸಿಕೊಂಡಳು. ಮಕ್ಕಳ ಸೀಟಿಗೆ ನಾನೇ ದುಡ್ಡು ಕೊಟ್ಟು ಆರ್ಡರ್ ಮಾಡಿದ್ದೀನಿ. ಬರುವ ಭಾನುವಾರ ಕತ್ತರಿ ತಗೊಂಡು ಅವರ ಮನೆಗೆ ಹೋಗ್ತೀನಿ, ಉಳಿದ ಎರಡು ಬಕಲ್ಲು ಇನ್ನೂ ರೆಕ್ಸಿನ್ ಅಡಿಯಲ್ಲೇ ಇವೆ.