ಡೀಲಕ್ಸ್ ಮುಳುಗಡೆ

ದೀಪಾವಳಿಗೆ ಬೆಂಗಳೂರಿನಿಂದ ಬಂದ ಅಣ್ಣನ ಮಗ ಬಾಗಲಕೋಟೆ ನವನಗರದ ನಮ್ಮ ಮನೆಗೆ ಒಂದು ಡಬ್ಬಿ ಹೊತ್ತು ತಂದ. ಹೊತ್ತು ತಂದ ಅಂತ ಸುಮ್ನೆ ಬರೆಯುತ್ತಿಲ್ಲ, ಅಷ್ಟು ಭಾರ ಇತ್ತು. ಒಳಗಿದ್ದದ್ದು ಮೊನಾಪಲಿ ತರಹದ್ದೇ ಒಂದು ಆಟ. ನಾವು ಚಿಕ್ಕವರಿದ್ದಾಗ ಬಿಸಿನೆಸ್ ಅಂತ ಆಡುತ್ತಿದ್ದೆವಲ್ಲ, ಅದೇ. ಆದರೆ ಇದಕ್ಕೆ ಕೋಟೆ, ಅರಮನೆ, ರಾಜರು ಅಂತ ಒಂದು ಥೀಮು. ಮೇಲೆ ಡೀಲಕ್ಸ್ ಬೇರೆ. ಇದರದೇ ಸಾದಾ ಆವೃತ್ತಿ ಪಕ್ಕದ ಮನೆ ಹುಡುಗರ ಹತ್ತಿರ ಇತ್ತು. ಎರಡನ್ನೂ ತಂದು ಜಮಖಾನದ ಮೇಲೆ ಇಟ್ಟು ಹೋಲಿಸಲು ಕುಳಿತೆವು.

ಬೋರ್ಡಿನ ಮೇಲೆ ಇದರಲ್ಲೂ 40 ಚೌಕ, ಅದರಲ್ಲೂ 40 ಚೌಕ. ಇದರಲ್ಲೂ 28 ಆಸ್ತಿ ಪತ್ರ, ಅದರಲ್ಲೂ ಅಷ್ಟೇ. ಸಾದಾದಲ್ಲಿ ಮನೆಗಳು ಪ್ಲಾಸ್ಟಿಕ್ಕಿನವು, ಡೀಲಕ್ಸಿನಲ್ಲಿ ಕಟ್ಟಿಗೆಯವು, ಬಂಗಾರದ ಬಣ್ಣ ಹಚ್ಚಿದ್ದಾರೆ. ಸಾದಾದಲ್ಲಿ ಕಾಗದದ ನೋಟು, ಇದರಲ್ಲಿ ಕೈಗೆ ತಣ್ಣಗೆ ತಾಗುವ ಲೋಹದ ನಾಣ್ಯ. ಬೋರ್ಡು ತಿರುಗುತ್ತದೆ, ಎದ್ದು ಆ ಕಡೆ ಹೋಗುವ ಕಷ್ಟವಿಲ್ಲ. ನಿಯಮದ ಪುಸ್ತಕ ಮಾತ್ರ ಎರಡರಲ್ಲೂ ಒಂದೇ. ನಾಲ್ಕನೇ ಪುಟದಲ್ಲಿನ ಅಚ್ಚಿನ ತಪ್ಪು ಕೂಡ ಅದೇ. ಬೆಲೆ ನಾಲ್ಕು ಪಟ್ಟು.

ನಮಗೇನು ಸ್ಪೆಷಲ್ ಅಂದರೆ ಗೊತ್ತಿಲ್ಲವೇ? ಅಮೀನಗಡಕ್ಕೆ ಹೋಗಿ ಕರದಂಟು ಕೇಳಿದರೆ ಸಾದಾ ಬೇಕೋ ಸ್ಪೆಷಲ್ ಬೇಕೋ ಅಂತ ಕೇಳುತ್ತಾರೆ. ಸ್ಪೆಷಲ್ ತಗೊಂಡರೆ ಗೋಡಂಬಿ, ಬಾದಾಮಿ ಜಾಸ್ತಿ ಬೀಳುತ್ತವೆ, ಕಣ್ಣು ಮುಚ್ಚಿಕೊಂಡು ತಿಂದರೂ ಹಲ್ಲಿಗೆ ತಿಳಿಯುತ್ತದೆ. ಇಲ್ಲಿ ಕರದಂಟು ಅದೇ, ಪೊಟ್ಟಣಕ್ಕೆ ಮಖಮಲ್ಲು ಹೊದಿಸಿದ್ದಾರೆ.

ಆಟ ಶುರುವಾಗುವ ಮೊದಲೇ ಹುಡುಗನ ಕಟ್ಟಪ್ಪಣೆ ಬಂತು. ಕೈ ತೊಳೆದುಕೊಳ್ಳಬೇಕು. ಚಹಾ ಹತ್ತಿರ ತರಬಾರದು. ಮಿರ್ಚಿ ಭಜಿ ಅಂತೂ ಆ ಕೋಣೆಯೊಳಗೇ ಬರಬಾರದು. "ಕಾಕಾ, ಕಾರ್ಡ್ ಬಗ್ಗಸಬ್ಯಾಡ್ರಿ" ಅಂತ ಎರಡು ಸಲ ಹೇಳಿದ. ಪಕ್ಕದ ಮನೆ ಡಬ್ಬಿ ನೋಡಿ: ಮೂಲೆ ಹರಿದು ಟೇಪು ಹಚ್ಚಿದ್ದಾರೆ, ನೋಟಿಗೆ ಎಣ್ಣೆ ಕಲೆ, ಕಳೆದುಹೋದ ಕಾಯಿಯ ಜಾಗದಲ್ಲಿ ಸೋಡಾ ಬಾಟಲಿಯ ಬಿರಡೆ. ಪ್ರತಿ ರವಿವಾರ ಅದರಲ್ಲಿ ಜಗಳ ಗ್ಯಾರಂಟಿ. ಡೀಲಕ್ಸನ್ನು ಹುಡುಗ ಬೆಂಗಳೂರಿನಲ್ಲಿ ಎಷ್ಟು ಸಲ ಆಡಿದ್ದಾನೆ ಅಂತ ಕೇಳಿದೆ. ಫೋಟೋ ತೋರಿಸಿದ.

ಇನ್ನೊಂದು ತಮಾಷೆ ಇದೆ. ಅಮೆರಿಕದ ಲಿಜ್ಜಿ ಮೇಗಿ ಎಂಬ ಹೆಣ್ಣುಮಗಳು 1904ರಲ್ಲಿ 'ಲ್ಯಾಂಡ್‌ಲಾರ್ಡ್ಸ್ ಗೇಮ್' ಎಂಬ ಆಟಕ್ಕೆ ಪೇಟೆಂಟ್ ಪಡೆದರು. ಜಾಗ ಹಿಡಿದವರು ಕೂತಲ್ಲೇ ಬಾಡಿಗೆ ತಿಂದು ಕೊಬ್ಬುವುದು ಎಂಥ ಅನ್ಯಾಯ ಅಂತ ಜನರಿಗೆ ತೋರಿಸುವುದು ಅವರ ಉದ್ದೇಶ. ಅದೇ ಬೇರಿನಿಂದ ಬಂದ ಮೊನಾಪಲಿಯನ್ನು ಪಾರ್ಕರ್ ಬ್ರದರ್ಸ್ 1935ರಲ್ಲಿ ಮಾರಾಟಕ್ಕೆ ಬಿಟ್ಟಿತು. ಲಿಜ್ಜಿಯ ಪೇಟೆಂಟಿಗೆ ಸಿಕ್ಕಿದ್ದು 500 ಡಾಲರ್. ಈಗ ಆ ಬಾಡಿಗೆಯ ಪಾಠವನ್ನೇ ಬಂಗಾರದ ಬಣ್ಣದ ಮನೆ ಇಟ್ಟು ಮಾರುತ್ತಾರೆ, ನಾವು ಕಂತಿನ ಮೇಲೆ ಕೊಳ್ಳುತ್ತೇವೆ.

ಥೀಮೇ ಬೇಕು ಅಂದರೆ ನಮ್ಮೂರಿನದು ಮಾಡಬಹುದಲ್ಲ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಬಾಗಲಕೋಟೆಯ ಎಷ್ಟೋ ಮನೆ ಮುಳುಗಿದವಲ್ಲ, ಹಾಗಾಗಿ ಮುಳುಗಡೆ ನಗರಿ ಆವೃತ್ತಿ. ಸಾದಾ ಡಬ್ಬಿಯಲ್ಲಿ ಆಲಮಟ್ಟಿಯ ನೀರು 519.60 ಮೀಟರ್‌ವರೆಗೆ, ಡೀಲಕ್ಸಿನಲ್ಲಿ 524.256 ಮೀಟರ್. ಬೋರ್ಡು ಅದೇ, ಮುಳುಗುವ ಮನೆ ಜಾಸ್ತಿ. ಪೂರ್ತಿ ಒಂದು ಸುತ್ತು ಬಂದರೆ 200 ಸಿಗುವುದಿಲ್ಲ, ಪರಿಹಾರದ ಕಚೇರಿಯ 'ಮುಂದಿನ ವಾರ ಬನ್ನಿ' ಅನ್ನೋ ಚೀಟಿ ಸಿಗುತ್ತದೆ. ಡೀಲಕ್ಸಿನಲ್ಲಿ ಅದೇ ಚೀಟಿಗೆ ಬಂಗಾರದ ಅಂಚು. ಜೈಲಿನ ಜಾಗದಲ್ಲಿ ಕೋರ್ಟು, ಒಳಗೆ ಹೋದ ಕಾಯಿ ಮಗನ ಕಾಲಕ್ಕೆ ಹೊರಗೆ. 'ಒಂದು ಸರದಿ ಬಿಡಿ' ಅನ್ನೋದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. 524.256ಕ್ಕೆ ಕೃಷ್ಣಾ ನದಿ ನೀರು ಹಂಚುವ ನ್ಯಾಯಮಂಡಳಿ 2010ರಲ್ಲೇ ಒಪ್ಪಿತು, ಆಮೇಲೆ ಅದನ್ನು ಜಾರಿಗೆ ತರುವ ಗೆಜೆಟ್ ಬರುತ್ತದೆ, ಗೆಜೆಟ್ ಬರುತ್ತದೆ ಅಂತ ಹತ್ತು ವರ್ಷಕ್ಕೂ ಮೇಲೆ ದಾಳ ಕೈಯಲ್ಲಿ ಹಿಡಿದು ಕೂತ ಜನ ನಾವು.

ಇಷ್ಟೆಲ್ಲಾ ನಡೆಯುವಾಗ ಅವ್ವ ಬಾಗಿಲ ಹತ್ತಿರ ಕೂತು ನೋಡುತ್ತಿದ್ದಳು. ಹಳೇ ಊರಿನ ಮನೆ ನೀರಿಗೆ ಬಿಟ್ಟು ಬಂದವಳು. ಮೆಲ್ಲಗೆ ಕೈ ಚಾಚಿ ಬಂಗಾರದ ಬಣ್ಣದ ಮನೆಯೊಂದನ್ನು ಎತ್ತಿಕೊಂಡಳು, ಕೈ ತೊಳೆಯದೆಯೇ. ಹುಡುಗನ ಮುಖ ಸಣ್ಣದಾಯಿತು.

"ಮನಿ ಭಾಳ ಚಂದ ಐತಿ. ಇದು ಮುಳುಗಿದ್ರ ಎಷ್ಟು ಕೊಡ್ತಾರ?"

ಅವನು ಪುಸ್ತಕ ತಿರುವಿ ಹಾಕಿದ. "ಆಯಿ, ಅಡಾ ಇಟ್ರ ಅರ್ಧಾ ರೊಕ್ಕ ಬರತೈತಿ. ಮುಳುಗೋದು ಇದರಾಗ ಇಲ್ಲ."

"ಇಲ್ಲಾ? ಇಷ್ಟು ರೊಕ್ಕ ತಗೊಂಡು?"